ಎಸ್ಪಾಡಾದ ಕಾಲುವೆಯಲ್ಲಿ ಇನ್ನೂ ನೀರಿದೆ

ಇರ್ವಿಂಗಿನಿಂದ ನಸುಕಿಗೇ ಕಾರು ಹತ್ತಿದರೆ ವೇಕೊ, ಆಸ್ಟಿನ್ ದಾಟಿ ಊಟದ ಹೊತ್ತಿಗಿಂತ ಮುಂಚೆಯೇ ಸ್ಯಾನ್ ಆಂಟೋನಿಯೋ ಸೇರಬಹುದು. ಊರಿಂದ ಬಂದ ಅಪ್ಪ ಅಮ್ಮನನ್ನು ನಾವೆಲ್ಲ ಅಲ್ಲಿಗೆ ಕರೆದೊಯ್ಯುತ್ತೇವೆ. ಅಲಾಮೊ ನೋಡಿ, ಹೊಳೆದಂಡೆಯಲ್ಲಿ ಒಂದು ಸುತ್ತು ಹಾಕಿ ವಾಪಸಾಗುತ್ತೇವೆ. ಇನ್ನರ್ಧ ದಿನ ಉಳಿದು ಅದೇ ಹೊಳೆಯ ಜೊತೆ ದಕ್ಷಿಣಕ್ಕೆ ಹೋಗಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

1836ರ ಕಾಳಗದಿಂದ ಹೆಸರಾದ ಅಲಾಮೊ ಹುಟ್ಟಿದ್ದು ಕೋಟೆಯಾಗಿ ಅಲ್ಲ. 1718ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಕಟ್ಟಿದ ವಲೇರೊ ಮಿಷನ್ ಅದು. 1720ರಲ್ಲಿ ಸ್ಯಾನ್ ಹೊಸೆ ಬಂತು. 1731ರಲ್ಲಿ ಪೂರ್ವ ಟೆಕ್ಸಾಸಿನಿಂದ ಕನ್ಸೆಪ್ಸಿಯೋನ್, ಸ್ಯಾನ್ ಹುವಾನ್, ಎಸ್ಪಾಡಾ ಈ ಮೂರು ಮಿಷನ್ನುಗಳೂ ಇದೇ ಹೊಳೆಯ ದಂಡೆಗೆ ಸ್ಥಳಾಂತರವಾದವು. ಅದೇ ವರ್ಷ ಕ್ಯಾನರಿ ದ್ವೀಪಗಳ ಐವತ್ತು ಚಿಲ್ಲರೆ ಜನ ಬಂದು ಪಕ್ಕದಲ್ಲೇ ಪೇಟೆ ಕಟ್ಟಿದರು. ಇವತ್ತಿನ ಮಹಾನಗರದ ಬೇರು ಇಷ್ಟೇ.

ಮಿಷನ್ ಎಂದರೆ ಬರೀ ಚರ್ಚಲ್ಲ, ಗೋಡೆ ಸುತ್ತಿದ ಒಂದು ಊರು. ಸ್ಯಾನ್ ಹೊಸೆಯಲ್ಲಿ ನಿಂತರೆ ಅದು ಕಣ್ಣಿಗೆ ಕಾಣುತ್ತದೆ: ಗೋಡೆಗೆ ಒತ್ತಿಕೊಂಡ ಸಾಲುಮನೆಗಳು, ಕಣಜ, ಕಸುಬಿನ ಕೋಣೆಗಳು, ನಡುವೆ ವಿಶಾಲ ಅಂಗಳ. ಅಲ್ಲಿದ್ದವರು ಕೋವಾವಿಲ್ಟೆಕನ್ ಎಂದು ಒಟ್ಟಾಗಿ ಕರೆಯಲಾಗುವ ಹಲವು ಮೂಲನಿವಾಸಿ ಬುಡಕಟ್ಟುಗಳ ಜನ. ಲೂಸಿಯಾನಾದ ಫ್ರೆಂಚರು ಮುಂದೊತ್ತದಂತೆ ಗಡಿ ಹಿಡಿದಿಡಲು ಸ್ಪೇನಿಗೆ ತನ್ನ ಜನ ಸಾಲದಾಗಿತ್ತು. ಇದ್ದವರನ್ನೇ ಕ್ರೈಸ್ತರನ್ನಾಗಿ, ತನ್ನ ಪ್ರಜೆಗಳನ್ನಾಗಿ ಮಾಡಲು ಹೊರಟಿತು. ಬುಡಕಟ್ಟಿನವರಿಗೆ ಅಪಾಚೆಗಳ ದಾಳಿ, ಹಸಿವು, ಹೊಸ ರೋಗಗಳ ಭಯ. ಗೋಡೆಯೊಳಗೆ ಅನ್ನವೂ ಆಸರೆಯೂ ಇತ್ತು, ಆದರೆ ಬದುಕು ಗಂಟೆಯ ಸದ್ದಿಗೆ ಏಳಬೇಕಿತ್ತು, ಮಲಗಬೇಕಿತ್ತು. ಸಿಡುಬು ಒಳಗೂ ಬಂತು, 1739ರಲ್ಲಿ ಬಹಳ ಜನರನ್ನು ಒಯ್ದಿತು. ಇಲ್ಲಿ ದುಡಿದ ಬಾರ್ತೊಲೊಮೆ ಗಾರ್ಸಿಯಾ ಎಂಬ ಪಾದ್ರಿ ಅವರ ನುಡಿಯಲ್ಲೊಂದು ಧಾರ್ಮಿಕ ಕೈಪಿಡಿ ಬರೆದು 1760ರಲ್ಲಿ ಅಚ್ಚು ಹಾಕಿಸಿದ. ಮಾತಾಡುವವರಿಲ್ಲದೆ ಅಳಿದ ಆ ನುಡಿ ಇಂದು ಹೆಚ್ಚಾಗಿ ಉಳಿದಿರುವುದು ಆ ಹಾಳೆಗಳಲ್ಲೇ. ವಾರಕ್ಕೊಮ್ಮೆ ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟುಬರುವ ನನ್ನಂಥವಳಿಗೆ ಈ ಸಂಗತಿ ಎದೆಗೆ ನಾಟಿತು.

ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವುದು ಮಾತ್ರ ನೀರು. ಮಳೆ ನಂಬಿ ಮೆಕ್ಕೆಜೋಳ ಬೆಳೆಯುವ ಸೀಮೆ ಇದಲ್ಲ. ಹಾಗಾಗಿ ಹೊಳೆಗೆ ಒಡ್ಡು ಕಟ್ಟಿ, ನೆಲದ ಇಳಿಜಾರು ನೋಡಿ ಕಾಲುವೆ ತೋಡಿದರು. ಅದಕ್ಕೆ ಅಸೇಕಿಯಾ ಎನ್ನುತ್ತಾರೆ. ಹೆಸರು ಅರಬ್ಬಿಯದು, ಅರಬರಿಂದ ಸ್ಪೇನಿಗೆ, ಸ್ಪೇನಿನಿಂದ ಇಲ್ಲಿಗೆ ಬಂದದ್ದು. ಏಳು ಕಾಲುವೆ, ಒಟ್ಟು ಸುಮಾರು 24 ಕಿಲೋಮೀಟರು, ಮೂರೂವರೆ ಸಾವಿರ ಎಕರೆಗೆ ನೀರು. ಪಂಪಿಲ್ಲ, ಇಳಿಜಾರೇ ಎಲ್ಲ. ಮೆಕ್ಕೆಜೋಳ, ಬೀನ್ಸು, ಕುಂಬಳ, ಮೆಣಸಿನಕಾಯಿ ಬೆಳೆದವು. ಸರದಿಯ ಮೇಲೆ ಗದ್ದೆಗೆ ನೀರು ಬಿಡುವ ಪದ್ಧತಿ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿ.

1790ರ ದಶಕದಿಂದ ಮಿಷನ್ನುಗಳ ಹೊಲಗಳನ್ನು ಅಲ್ಲಿದ್ದ ಕುಟುಂಬಗಳಿಗೆ ಹಂಚಲಾಯಿತು. ಆ ಮೂಲನಿವಾಸಿಗಳ ವಂಶದವರು ಇಂದಿಗೂ ಈ ನಗರದಲ್ಲಿದ್ದಾರೆ. 2015ರಲ್ಲಿ ಯುನೆಸ್ಕೊ ಐದೂ ಮಿಷನ್ನುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲಾಮೊ ಬಿಟ್ಟು ಉಳಿದ ನಾಲ್ಕರಲ್ಲೂ ಈಗಲೂ ಭಾನುವಾರ ಪೂಜೆ ನಡೆಯುತ್ತದೆ.

ಎಸ್ಪಾಡಾಕ್ಕೆ ಹೋದವರು ಚರ್ಚಿಗಿಂತ ಸ್ವಲ್ಪ ಮುಂಚೆಯೇ ಇಳಿದುಕೊಳ್ಳಿ. ಪಿಯೆದ್ರಾಸ್ ಎಂಬ ಹಳ್ಳದ ಮೇಲೆ ಎರಡು ಕಲ್ಲಿನ ಕಮಾನುಗಳಿವೆ, ಅವುಗಳ ಬೆನ್ನ ಮೇಲೆ ಕಾಲುವೆ. ಕಟ್ಟಿದ್ದು 1740ರ ದಶಕದಲ್ಲಿ. ಕೆಳಗೆ ಹಳ್ಳ ಒಂದು ದಿಕ್ಕಿಗೆ, ಮೇಲೆ ಹೊಳೆಯ ನೀರು ಇನ್ನೊಂದು ದಿಕ್ಕಿಗೆ, ಸದ್ದಿಲ್ಲದೆ ಹೊಲದ ಕಡೆ ಹೋಗುತ್ತಿರುತ್ತದೆ.