ಪೋಪ್ ಕೇಳಿದ ಕ್ಷಮೆ

2018ರ ಜನವರಿ 18ರಂದು ಚಿಲಿ ದೇಶದ ಇಕಿಕೆ ಎಂಬ ಕಡಲೂರಿನಲ್ಲಿ ಪೋಪ್ ಫ್ರಾನ್ಸಿಸ್ ಪೂಜೆಗೆ ಹೊರಟಿದ್ದರು. ದಾರಿಯಲ್ಲೇ ಪತ್ರಕರ್ತರು ಬಿಷಪ್ ಹುವಾನ್ ಬಾರೋಸ್ ಬಗ್ಗೆ ಕೇಳಿದರು. ಫೆರ್ನಾಂಡೊ ಕರಾದಿಮಾ ಎಂಬ ಪ್ರಭಾವಿ ಪಾದ್ರಿ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ನಿಜವೆಂದು 2011ರಲ್ಲಿ ವ್ಯಾಟಿಕನ್ನೇ ತೀರ್ಪು ಕೊಟ್ಟಿತ್ತು. ಬಾರೋಸ್ ಅದನ್ನು ಕಣ್ಣಾರೆ ಕಂಡೂ ಮುಚ್ಚಿಟ್ಟರು ಎಂಬುದು ಸಂತ್ರಸ್ತರ ದೂರು, ಬಾರೋಸ್ ಒಪ್ಪುತ್ತಿರಲಿಲ್ಲ. ಪುರಾವೆ ತಂದ ದಿನ ಮಾತಾಡುತ್ತೇನೆ, ಇದೆಲ್ಲ ಅಪಪ್ರಚಾರ ಎಂದುಬಿಟ್ಟರು ಪೋಪ್.

ಅದು ಬಾಯಿತಪ್ಪಿ ಬಂದ ಮಾತಲ್ಲ. 2015ರಲ್ಲಿ ಬಾರೋಸರನ್ನು ಓಸೊರ್ನೊ ಧರ್ಮಪ್ರಾಂತ್ಯಕ್ಕೆ ನೇಮಿಸಿದವರು ಅವರೇ. ಅಧಿಕಾರ ಸ್ವೀಕಾರದ ದಿನ ಜನ ಕಪ್ಪು ಬಲೂನು ಹಿಡಿದು ಕೆಥೆಡ್ರಲ್ ಒಳಗೇ ಪ್ರತಿಭಟಿಸಿದ್ದರು. ಓಸೊರ್ನೊದವರು ದಡ್ಡತನದಿಂದ ನರಳುತ್ತಿದ್ದಾರೆ ಎಂಬರ್ಥದಲ್ಲಿ ಅದೇ ವರ್ಷ ಪೋಪ್ ಆಡಿದ ಮಾತು ವಿಡಿಯೊದಲ್ಲಿ ಉಳಿದಿದೆ. ಇಕಿಕೆಯ ಮಾತಿಗೆ ಬಾಸ್ಟನ್ನಿನ ಕಾರ್ಡಿನಲ್ ಓ'ಮ್ಯಾಲಿ ಬಹಿರಂಗವಾಗಿಯೇ ಆಕ್ಷೇಪ ಎತ್ತಿದ ಮೇಲೆ, ಮರಳುವ ವಿಮಾನದಲ್ಲಿ ಪೋಪ್ ಕ್ಷಮೆ ಕೇಳಿದರು, ಆದರೆ ಪುರಾವೆ ಎಂಬ ಪದ ಬಳಸಿದ್ದಕ್ಕೆ ಮಾತ್ರ. ಅಪಪ್ರಚಾರದ ಮಾತನ್ನು ಬಿಟ್ಟುಕೊಡಲಿಲ್ಲ.

ನಾನು ಮಂಗಳೂರು ಕಡೆಯ ಚರ್ಚೊಂದರಲ್ಲಿ ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮೋಪದೇಶ, ಕಲಿಸುವವಳು. ಮೊದಲ ಪರಮಪ್ರಸಾದಕ್ಕೆ ಮುಂಚೆ ಮಕ್ಕಳು ಕುಮ್ಸಾರ್, ಅಂದರೆ ಪಾಪನಿವೇದನೆ ಮಾಡುವುದನ್ನು ಕಲಿಯಬೇಕು. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಟೀಚರ್, ಪಕ್ಕದವನ ಪೆನ್ನು ಕದ್ದದ್ದನ್ನು ಫಾದರಿಗೆ ಹೇಳಿದೆ. ಇನ್ನು ಪೆನ್ನು ನನ್ನದಲ್ವಾ?" ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ದೊಡ್ಡವರೂ ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಅದು. ಕಥೋಲಿಕ ಬೋಧನೆಯಲ್ಲಿ ಉತ್ತರ ಸ್ಪಷ್ಟವಿದೆ. ಪಶ್ಚಾತ್ತಾಪ ಬೇಕು, ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಪ್ರಾಯಶ್ಚಿತ್ತ ಮಾಡಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು, ಯಾರ ಹೆಸರಿಗೆ ಮಸಿ ಬಳಿದೆವೋ ಆ ಹೆಸರನ್ನು ನಾವೇ ಮತ್ತೆ ಎತ್ತಿ ನಿಲ್ಲಿಸಬೇಕು. ದೇವರು ಕ್ಷಮಿಸಿದ ಮಾತ್ರಕ್ಕೆ ಪೆನ್ನು ನಮ್ಮದಾಗುವುದಿಲ್ಲ.

ಪೋಪ್ ಆ ದಾರಿಗೆ ಬಂದದ್ದು ತನಿಖೆಯ ಮೂಲಕ. ಮಾಲ್ಟಾದ ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ 64 ಜನರ ಹೇಳಿಕೆ ಪಡೆದು 2,300 ಪುಟಗಳ ವರದಿ ಕೊಟ್ಟರು. ಅದನ್ನು ಓದಿ ಪೋಪ್ ಏಪ್ರಿಲ್ 8ರಂದು ಚಿಲಿಯ ಬಿಷಪರಿಗೆ ಪತ್ರ ಬರೆದರು: ತನ್ನಿಂದ ಗಂಭೀರ ತಪ್ಪುಗಳಾಗಿವೆ, ನೊಂದವರೆಲ್ಲರ ಕ್ಷಮೆ ಬೇಡುತ್ತೇನೆ ಎಂದು. ಸರಿಯಾದ ಮಾಹಿತಿ ಸಿಗದೆ ಹೀಗಾಯಿತು ಎಂಬ ಮಾತೂ ಅದರಲ್ಲಿತ್ತು. ಅದನ್ನು ನಾನು ಇಂದಿಗೂ ಒಪ್ಪಲಾರೆ. ಸಂತ್ರಸ್ತರಲ್ಲೊಬ್ಬರಾದ ಹುವಾನ್ ಕಾರ್ಲೋಸ್ ಕ್ರೂಸ್ ಪೋಪರಿಗೆಂದು ಬರೆದ ಪತ್ರ 2015ರಲ್ಲೇ ಕಾರ್ಡಿನಲ್ ಓ'ಮ್ಯಾಲಿ ಅವರ ಕೈ ಸೇರಿತ್ತು. ಮಾಹಿತಿ ಬಾಗಿಲವರೆಗೆ ಬಂದಿತ್ತು, ನಂಬುವ ಮನಸ್ಸಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ಕ್ರೂಸ್, ಜೇಮ್ಸ್ ಹ್ಯಾಮಿಲ್ಟನ್, ಹೋಸೆ ಆಂದ್ರೆಸ್ ಮುರಿಯೊ ಮೂವರೂ ರೋಮಿಗೆ ಬಂದರು. ಪೋಪ್ ಅವರನ್ನು ತಾವು ವಾಸವಿದ್ದ ಸಾಂತಾ ಮಾರ್ತಾ ವಸತಿಗೃಹದಲ್ಲೇ ಉಳಿಸಿಕೊಂಡು, ಒಬ್ಬೊಬ್ಬರ ಮುಂದೆಯೂ ಪ್ರತ್ಯೇಕವಾಗಿ ಕೂತು ಗಂಟೆಗಟ್ಟಲೆ ಕೇಳಿದರು. ಈ ಸಮಸ್ಯೆಯಲ್ಲಿ ನನ್ನ ಪಾಲೂ ಇದೆ, ಕ್ಷಮಿಸಿ ಎಂದು ಪೋಪ್ ಹೇಳಿದರೆಂದು ಆಮೇಲೆ ಕ್ರೂಸ್ ತಿಳಿಸಿದರು. ದೇವರ ಮುಂದೆ ಮೊಣಕಾಲೂರುವುದು ನಮಗೆಲ್ಲ ಅಭ್ಯಾಸವಾಗಿದೆ. ನಾವು ಸುಳ್ಳನೆಂದು ಕರೆದ ಮನುಷ್ಯನ ಎದುರು ಕೂತು, ಅವನು ಮಾತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರುವುದಿದೆಯಲ್ಲ, ಅದು ಎಷ್ಟೋ ಕಷ್ಟ. ನಾಯಕನ ದೀನತೆ ನನಗೆ ಕಾಣುವುದು ಅಲ್ಲಿ.

ಅದಕ್ಕೆ ಹಳೆಯ ಪಾಠವೂ ನೆರವಾಗಿರಬೇಕು. 1973ರಲ್ಲಿ, 36ರ ವಯಸ್ಸಿಗೇ, ಅವರು ಅರ್ಜೆಂಟೀನಾದ ಯೇಸುಸಭೆಯ ಮುಖ್ಯಸ್ಥರಾಗಿದ್ದರು. ಯಾರನ್ನೂ ಕೇಳದೆ ತಾನೇ ದಿಢೀರನೆ ನಿರ್ಧರಿಸುತ್ತಿದ್ದುದರಿಂದ ದೊಡ್ಡ ತೊಂದರೆಗಳಾದವು ಎಂದು 2013ರ ಸಂದರ್ಶನದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. 1990ರಲ್ಲಿ ಅವರನ್ನು ಹುದ್ದೆಯಿಲ್ಲದೆ ಕಾರ್ದೊಬಾ ನಗರಕ್ಕೆ ಕಳುಹಿಸಲಾಯಿತು. ಸುಮಾರು 2 ವರ್ಷ ಅಲ್ಲಿ ಜನರ ಪಾಪನಿವೇದನೆ ಕೇಳುತ್ತ ಕಳೆದರು.

ಕ್ಷಮೆ ಕೇಳಿದ ಮೇಲೆ ಕ್ಷಮಿಸಲೇಬೇಕು, ನೀವು ಕ್ರೈಸ್ತರಲ್ಲವೇ ಎಂದು ನೊಂದವರನ್ನೇ ಜಗ್ಗುವವರನ್ನು ನಮ್ಮ ಚರ್ಚುಗಳಲ್ಲೂ ಕಂಡಿದ್ದೇನೆ. ಅದು ಎರಡನೇ ಪೆಟ್ಟು. ಕ್ಷಮಿಸುವುದೂ ಬಿಡುವುದೂ ನೊಂದವರ ಪಾಲಿನದು. ಕ್ಷಮೆ ಸಿಕ್ಕವನಿಗೆ ಕುರ್ಚಿ ವಾಪಸ್ ಕೊಡಬೇಕೆಂದೇನೂ ಇಲ್ಲ. ಆ ಮೂವರೂ ಪೋಪರ ಮಾತನ್ನು ಗೌರವದಿಂದಲೇ ಕೇಳಿಸಿಕೊಂಡರು, ಆದರೆ ಪತ್ರಿಕಾಗೋಷ್ಠಿಯಲ್ಲಿ ಕ್ರಮ ಬೇಕು ಎಂದರು. 2018ರ ಮೇ ತಿಂಗಳಲ್ಲಿ ಪೋಪ್ ರೋಮಿಗೆ ಕರೆಸಿಕೊಂಡ ಚಿಲಿಯ ಬಿಷಪರೆಲ್ಲ ರಾಜೀನಾಮೆ ಮುಂದಿಟ್ಟರು. ಜೂನ್ 11ರಂದು ಬಾರೋಸರ ರಾಜೀನಾಮೆ ಅಂಗೀಕಾರವಾಯಿತು. ಸೆಪ್ಟೆಂಬರಿನಲ್ಲಿ ಕರಾದಿಮಾನ ಗುರುಪದವಿಯನ್ನೇ ಕಿತ್ತುಕೊಳ್ಳಲಾಯಿತು. 2021ರಲ್ಲಿ, ಮಕ್ಕಳ ರಕ್ಷಣೆಯ ಬಗ್ಗೆ ತಮಗೆ ಸಲಹೆ ನೀಡುವ ವ್ಯಾಟಿಕನ್ ಆಯೋಗಕ್ಕೆ ಪೋಪ್ ಫ್ರಾನ್ಸಿಸ್ ಹುವಾನ್ ಕಾರ್ಲೋಸ್ ಕ್ರೂಸ್ ಅವರನ್ನು ನೇಮಿಸಿದರು.