ಬಹುಮಾನದ ಹಣ ಯಾರದು?

ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಹೊಯ್ಸಳರ ಕಾಲದ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳ ಎದುರು ನಿಂತರೆ ನಮ್ಮ ಬಿಂಬವೇ ಕಾಣುತ್ತದೆ. ಒಂದು ಸಂಜೆ ಅಲ್ಲಿ ಕುಳಿತಿದ್ದಾಗ ಪರಿಚಯದ ಹುಡುಗನೊಬ್ಬ ಅಜ್ಜಿಯ ಮೊಬೈಲನ್ನು ಹಿಡಿದು ಓಡಿಬಂದ.

"ಮೇಷ್ಟ್ರೇ, ಹಳೇಬೀಡಿನ ದೇವಸ್ಥಾನ ಯಾರ ಕಾಲದ್ದು ಅಂತ ಕೇಳಿದಾರೆ. ಹೊಯ್ಸಳರದು ಅಂತ ಕಳಿಸಿದೀನಿ. ಬೈಕು ನಮಗೇ ಬರುತ್ತಲ್ವಾ?"

ಒಂದು ಸಂದೇಶಕ್ಕೆ ಮೂರು ರೂಪಾಯಿ. ಹೆಚ್ಚು ಕಳುಹಿಸಿದಷ್ಟೂ ಅವಕಾಶ ಹೆಚ್ಚೆಂದು ಬರೆದಿದ್ದುದರಿಂದ ಅವನು ಆರು ಸಲ ಕಳುಹಿಸಿದ್ದ. ಉತ್ತರವೇನೋ ಸರಿ. ಆದರೆ ಇಷ್ಟು ಸುಲಭದ ಪ್ರಶ್ನೆಗೆ ಸರಿಯುತ್ತರ ಕೊಡುವವರು ಸಾವಿರಾರು ಮಂದಿ. ಅವರಲ್ಲಿ ಒಬ್ಬನನ್ನು ಆರಿಸುವುದು ಜಾಣ್ಮೆಯಲ್ಲ, ಚೀಟಿ ಎತ್ತುವ ಕೈ. ಹಣ ಕೊಟ್ಟು ಅದೃಷ್ಟದಿಂದ ಬಹುಮಾನ ಪಡೆಯುವುದು ಸ್ಪರ್ಧೆಯೋ ಜೂಜೋ ಎಂಬ ಪ್ರಶ್ನೆ ಮೊಬೈಲು ಹುಟ್ಟುವುದಕ್ಕೆ ಮೊದಲೇ ನಮ್ಮ ನಾಡಿನಲ್ಲಿ ಎದ್ದಿತ್ತು.

ಆಗ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಶುಲ್ಕ ಪಡೆದು ಪದಬಂಧ ಸ್ಪರ್ಧೆಯನ್ನು ನಡೆಸುತ್ತಿತ್ತು. ಪತ್ರಿಕೆ ಮುಂಬಯಿ ರಾಜ್ಯದಲ್ಲಿಯೂ ಹರಡಿತ್ತು. ಅಲ್ಲಿಯ ಸರ್ಕಾರ ಇಂಥ ಸ್ಪರ್ಧೆಗಳ ಮೇಲೆ ತೆರಿಗೆ ವಿಧಿಸಿದಾಗ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1957ರ ಏಪ್ರಿಲ್ 9ರಂದು ನ್ಯಾಯಾಲಯ ಆ ಸ್ಪರ್ಧೆಯನ್ನು ಜೂಜಿನ ಸ್ವರೂಪದ್ದೆಂದು ಕರೆಯಿತು. ಓದುಗನ ಉತ್ತರ ಎಷ್ಟೇ ಸಮಂಜಸವಾಗಿರಲಿ, ಅದು ಸಂಘಟಕರು ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ಸರಿಹೊಂದಿದರೆ ಮಾತ್ರ ಬಹುಮಾನ! ಜೂಜು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದತ್ತವಾದ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂಬುದು ತೀರ್ಪಿನ ಸಾರ. 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯಂತೆ ಒಂದು ತಿಂಗಳ ಬಹುಮಾನಗಳ ಮೊತ್ತ 1,000 ರೂಪಾಯಿಗಳನ್ನೂ, ಒಂದು ಸ್ಪರ್ಧೆಯ ಪ್ರವೇಶಗಳು 2,000ವನ್ನೂ ಮೀರುವಂತಿಲ್ಲ. ಈ ಮಿತಿಯು ಜೂಜಿನ ಸ್ವರೂಪದ ಸ್ಪರ್ಧೆಗಳಿಗೇ ಹೊರತು ನಿಜವಾದ ಕೌಶಲದ ಸ್ಪರ್ಧೆಗಳಿಗಲ್ಲವೆಂದು ಅದೇ ದಿನದ ಮತ್ತೊಂದು ತೀರ್ಪು ತಿಳಿಸಿತು.

ಐವತ್ತು ವರ್ಷಗಳ ಬಳಿಕ, 2007ರಲ್ಲಿ, 'ಕೌನ್ ಬನೇಗಾ ಕರೋಡ್‌ಪತಿ' ಕಾರ್ಯಕ್ರಮದ ನಡುವೆ ವೀಕ್ಷಕರಿಗೂ ಒಂದು ಪ್ರಶ್ನೆ ಬರುತ್ತಿತ್ತು. ಉತ್ತರದ ಸಂದೇಶವೊಂದಕ್ಕೆ 2 ರೂಪಾಯಿ 40 ಪೈಸೆ. ಸರಿಯುತ್ತರ ಕಳುಹಿಸಿದವರಲ್ಲಿ ಅದೃಷ್ಟಶಾಲಿಗೆ 2 ಲಕ್ಷ ರೂಪಾಯಿ. ಜನರು ತೆತ್ತ ಹಣದಿಂದಲೇ ಬಹುಮಾನ ಕೊಟ್ಟು ಅದನ್ನು ಉಚಿತವೆಂದು ತೋರಿಸಲಾಗುತ್ತಿದೆಯೆಂದು ಒಂದು ಸಂಸ್ಥೆ ದೂರಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಒಂದು ಕೋಟಿ ರೂಪಾಯಿ ದಂಡರೂಪದ ಪರಿಹಾರವನ್ನು ವಿಧಿಸಿತು. 2019ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಆದೇಶವನ್ನು ರದ್ದುಪಡಿಸಿತು. ಬಹುಮಾನದ ಹಣ ಸಂದೇಶಗಳ ಶುಲ್ಕದಿಂದಲೇ ಬಂತೆಂಬುದು ಸಾಕ್ಷ್ಯಗಳಿಂದ ಸಿದ್ಧವಾಗಿರಲಿಲ್ಲ. ತೀರ್ಪು ಸರಿಯಾದುದೇ, ಆದರೆ ಸಂಘಟಕರ ಲೆಕ್ಕಪುಸ್ತಕ ನೋಡಲು ಸಿಗದ ಸಾಮಾನ್ಯ ಗ್ರಾಹಕನು ಇಂಥದನ್ನು ಸಾಬೀತುಪಡಿಸುವುದು ಎಷ್ಟು ಕಷ್ಟವೆಂಬುದೂ ಇದರಿಂದ ತಿಳಿಯುತ್ತದೆ.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದೇ ಎಳೆಯನ್ನು ಹಿಡಿದಿದೆ. ಬಹುಮಾನದ ವೆಚ್ಚವನ್ನು ಗ್ರಾಹಕನಿಂದಲೇ ಪೂರ್ತಿಯಾಗಿಯೋ ಭಾಗಶಃವೋ ವಸೂಲು ಮಾಡಿ ಉಚಿತವೆಂದು ನಂಬಿಸುವುದು ಅದರಂತೆ ಅನುಚಿತ ವ್ಯಾಪಾರ ಪದ್ಧತಿ. ಮಾರಾಟವನ್ನು ಬೆಳೆಸಲು ಲಾಟರಿ ಅಥವಾ ಅದೃಷ್ಟದಾಟ ನಡೆಸುವುದೂ, ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮರೆಮಾಚುವುದೂ ಹಾಗೆಯೇ.

ಇಷ್ಟನ್ನು ಹೇಳಿ, ಸಂದೇಶವನ್ನು ಇನ್ನೊಮ್ಮೆ ಓದೆಂದು ಹುಡುಗನಿಗೆ ಸೂಚಿಸಿದೆ. ಅವನು ನಿಧಾನವಾಗಿ ಓದಿದ. ನಡೆಸುವವರ ಹೆಸರಿರಲಿಲ್ಲ, ವಿಳಾಸವಿರಲಿಲ್ಲ, ಫಲಿತಾಂಶ ಪ್ರಕಟವಾಗುವ ದಿನವೂ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯನ್ನು ಅವನ ಕೈಯಲ್ಲಿ ಬರೆಸುತ್ತಿದ್ದಾಗ ಅಜ್ಜಿಯೂ ಬಂದರು. ನಡೆದುದನ್ನು ಕೇಳಿ, ಬೆರಳು ಮಡಿಸಿ ಲೆಕ್ಕಹಾಕಿದರು.

"ಹದಿನೆಂಟು ರೂಪಾಯಿ ಹೋಯ್ತೇನಪ್ಪ?" ಎಂದರು.