ಹಳೆಯ ಗಣಕಯಂತ್ರದಲ್ಲಿ ಉಳಿದ ಛಾಯಾಚಿತ್ರಗಳು: ಲೆಕ್ಕ ತಪ್ಪದಂತೆ ಸಾಗಿಸುವುದು ಹೇಗೆ?



ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ಮಗಳು ಒಂದು ಬೇಡಿಕೆಯಿಟ್ಟಳು. "ಅಪ್ಪಾ, ಅಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯಲ್ಲಿ ಅಕ್ಷರ ಬರೆಸಿದ ಫೋಟೋ ಇತ್ತಲ್ಲ, ಅದು ನನಗೆ ಬೇಕು." 2005ರ ಚಿತ್ರವದು. ನಮ್ಮ ತಂದೆಯವರು 2009ರಲ್ಲಿ ತೀರಿಕೊಂಡರು. ಆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿರಲಿಲ್ಲ. ಅಂದು ಕೊಂಡಿದ್ದ ಗಣಕಯಂತ್ರದಲ್ಲಿ ಮಾತ್ರ ಅದಿತ್ತು. ಆ ಯಂತ್ರವೋ ಹಲವು ವರ್ಷಗಳಿಂದ ಹಳೆಯ ಸೀರೆಯ ಹೊದಿಕೆಯಡಿ ಅಟ್ಟದ ಮೇಲೆ ಮಲಗಿತ್ತು. ಇಳಿಸಿ ಗುಂಡಿಯೊತ್ತಿದರೆ ಉಸಿರಿಲ್ಲ.

ಇದೇ ಭಾಗ್ಯನಗರದಲ್ಲಿ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅವರು 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಅವರ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಕೊಂಡು ಕಾಪಾಡಿಕೊಂಡು ಬಂದಿದೆ. ನೂರು ವರ್ಷ ಮೀರಿದ ಆ ಗಾಜನ್ನು ಬೆಳಕಿಗೆ ಹಿಡಿದರೆ ಸಾಕು, ಚಿತ್ರ ಕಾಣುತ್ತದೆ. ನಮ್ಮ ಇಪ್ಪತ್ತು ವರ್ಷದ ಚಿತ್ರಕ್ಕೆ ಮಾತ್ರ ಯಂತ್ರ ಬೇಕು, ತಂತ್ರಾಂಶ ಬೇಕು, ತಕ್ಕ ತಂತಿ ಬೇಕು. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಚಿತ್ರ ಇದ್ದೂ ಇಲ್ಲದಂತೆ.

ನಾನು ತಂತ್ರಜ್ಞನಲ್ಲ, ಕಲಾ ಪದವೀಧರ, ಬ್ಯಾಂಕಿನ ನೌಕರ. ಆದರೆ ಲೆಡ್ಜರುಗಳಿಂದ ಗಣಕಯಂತ್ರಕ್ಕೆ, ಅಲ್ಲಿಂದ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ ಖಾತೆಗಳನ್ನು ಸಾಗಿಸಿದ ತಲೆಮಾರಿಗೆ ಸೇರಿದವನು. ಅಲ್ಲಿ ಕಲಿತ ನಿಯಮ ಒಂದೇ: ಹೊಸ ಪುಸ್ತಕದ ಮೊತ್ತ ಹಳೆಯದಕ್ಕೆ ತಾಳೆಯಾಗುವವರೆಗೆ ಹಳೆಯ ಪುಸ್ತಕವನ್ನು ಮುಚ್ಚಬಾರದು. ಛಾಯಾಚಿತ್ರಗಳಿಗೂ ಇದೇ ನಿಯಮ ಸಲ್ಲುತ್ತದೆಂಬುದನ್ನು ತಪ್ಪು ಮಾಡಿಯೇ ತಿಳಿದುಕೊಂಡೆ.

ಯಂತ್ರ ಸತ್ತರೂ ಡಿಸ್ಕ್ ಸಾಯುವುದಿಲ್ಲ

ಗಣಕಯಂತ್ರ ಚಾಲೂ ಆಗದಿದ್ದರೆ ಚಿತ್ರಗಳು ಹೋದವೆಂದು ಕೈಚೆಲ್ಲಬೇಕಿಲ್ಲ. ಬಹಳ ಸಲ ಕೆಟ್ಟಿರುವುದು ವಿದ್ಯುತ್ ಪೂರೈಸುವ ಭಾಗವೋ ಮದರ್‌ಬೋರ್ಡೋ ಆಗಿರುತ್ತದೆ. ಚಿತ್ರಗಳಿರುವ ಹಾರ್ಡ್ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಜೋಡಿಸಬಹುದು. ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ ಮಾದರಿ. ಕಿರಿದಾದ ಕೇಬಲ್ ಇದ್ದರೆ ಸಾಟಾ ಮಾದರಿ. ಎರಡಕ್ಕೂ ಒಗ್ಗುವ, ತನ್ನದೇ ವಿದ್ಯುತ್ ಜೋಡಣೆಯುಳ್ಳ ಅಡಾಪ್ಟರನ್ನು ಕೇಳಿ ಪಡೆಯಿರಿ. ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನಂತಹ ಗಣಕಯಂತ್ರದ ಮಾರುಕಟ್ಟೆಯಲ್ಲಿ ವಿಚಾರಿಸಬಹುದು.

ಎರಡು ಎಚ್ಚರಿಕೆಗಳು. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬಂದರೆ ಕೂಡಲೇ ವಿದ್ಯುತ್ ತೆಗೆದು, ಅನುಭವಿಗಳಿಗೆ ಒಪ್ಪಿಸಿರಿ. ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ಹಾನಿ ಹೆಚ್ಚು. ಹೊಸ ಯಂತ್ರವು "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಎಂದಿಗೂ ಒಪ್ಪಬೇಡಿ.

ಸಿ.ಡಿ., ಡಿ.ವಿ.ಡಿ.ಗಳಲ್ಲಿ ಚಿತ್ರಗಳಿದ್ದರೆ ತಡಮಾಡಬೇಡಿ. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಮಾಹಿತಿ ನಿಂತಿರುವುದು ಬಣ್ಣದ ತೆಳು ಲೇಪನದ ಮೇಲೆ. ಬಿಸಿಲು, ಸೆಕೆ, ತೇವಗಳು ಅದನ್ನು ಕೆಡಿಸುತ್ತವೆ. ನಮ್ಮ ಊರಿನ ಬೇಸಿಗೆಯಲ್ಲಿ ಅಟ್ಟದ ಮೇಲಿಟ್ಟರೆ ಹೇಳುವುದೇ ಬೇಡ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿರಿ, ವೃತ್ತಾಕಾರವಾಗಿ ಉಜ್ಜಬೇಡಿ. ಒಂದು ಡ್ರೈವಿನಲ್ಲಿ ಓದಲಾಗದ ತಟ್ಟೆಯನ್ನು ಇನ್ನೊಂದು ಡ್ರೈವ್ ಓದುವುದುಂಟು.

ಕ್ಯಾಮೆರಾದ ಕಾರ್ಡಿನಿಂದ ಚಿತ್ರಗಳು ಅಳಿಸಿಹೋಗಿದ್ದರೆ ಆ ಕಾರ್ಡಿನಲ್ಲಿ ಹೊಸದಾಗಿ ಏನನ್ನೂ ತೆಗೆಯಬೇಡಿ. ಅಳಿಸಿದ ಮಾತ್ರಕ್ಕೆ ಚಿತ್ರ ತಕ್ಷಣ ಹೋಗುವುದಿಲ್ಲ, ಅದರ ಜಾಗ ಖಾಲಿಯೆಂದು ಗುರುತಾಗುತ್ತದೆ ಅಷ್ಟೇ. ಫೋಟೋರೆಕ್ ಎಂಬ ಉಚಿತ ತಂತ್ರಾಂಶವು ಇಂತಹ ಚಿತ್ರಗಳನ್ನು ಹುಡುಕಿ ಕೊಡಬಲ್ಲದು. ಸಿಕ್ಕಿದ್ದನ್ನು ಅದೇ ಕಾರ್ಡಿಗಲ್ಲ, ಬೇರೆ ಡಿಸ್ಕಿಗೆ ಉಳಿಸಬೇಕು.

ನಾನು ಮಾಡಿದ ತಪ್ಪು

ನಮ್ಮ ಡಿಸ್ಕ್ ಸುಸ್ಥಿತಿಯಲ್ಲಿತ್ತು. ಸಂತೋಷದ ಭರದಲ್ಲಿ ಎಲ್ಲ ಫೋಲ್ಡರುಗಳ ಚಿತ್ರಗಳನ್ನೂ ಹೊಸ ಯಂತ್ರದ ಒಂದೇ ಫೋಲ್ಡರಿಗೆ ಸುರಿಯತೊಡಗಿದೆ. "ಇದೇ ಹೆಸರಿನ ಕಡತ ಈಗಾಗಲೇ ಇದೆ, ಬದಲಾಯಿಸಲೇ?" ಎಂದು ಯಂತ್ರ ಕೇಳಿತು. ಒಂದೇ ಚಿತ್ರದ ಎರಡು ಪ್ರತಿಗಳಿರಬೇಕೆಂದು ಭಾವಿಸಿ "ಎಲ್ಲವನ್ನೂ ಬದಲಾಯಿಸು" ಎಂದು ಒತ್ತಿಬಿಟ್ಟೆ.

ಕ್ಯಾಮೆರಾಗಳು ಚಿತ್ರಗಳಿಗೆ ಹೆಸರಿಡುವುದಿಲ್ಲ, ಸಂಖ್ಯೆ ಕೊಡುತ್ತವೆ. ಸೋನಿಯಲ್ಲಿ ಡಿಎಸ್‌ಸಿ, ಕ್ಯಾನನ್‌ನಲ್ಲಿ ಐಎಂಜಿ ಎಂದು ಆರಂಭವಾಗುವ ಆ ಸಂಖ್ಯೆಗಳು, ಕಾರ್ಡನ್ನು ಖಾಲಿ ಮಾಡಿದಾಗಲೋ ಕ್ಯಾಮೆರಾ ಬದಲಿಸಿದಾಗಲೋ ಮತ್ತೆ ಒಂದರಿಂದ ಮೊದಲಾಗಬಹುದು. ಹೀಗೆ ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಸಮಾರಂಭಗಳ ಚಿತ್ರಗಳಿಗೆ ಒಂದೇ ಹೆಸರಿತ್ತು. ಹೊಸದು ಹಳೆಯದನ್ನು ನುಂಗಿಹಾಕಿತು. ಅಕ್ಷರಾಭ್ಯಾಸದ ಚಿತ್ರವಿರಬೇಕಾದ ಕಡೆ ಹುಸೇನ್ ಸಾಗರದ ಗಣೇಶ ವಿಸರ್ಜನೆಯ ಚಿತ್ರ ಕುಳಿತಿತ್ತು.

ಅದೃಷ್ಟಕ್ಕೆ ಹಳೆಯ ಡಿಸ್ಕನ್ನು ಕಬಾಡಿಯವನಿಗೆ ಕೊಟ್ಟಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಆದ್ದರಿಂದ ಮೊದಲ ಹೆಜ್ಜೆ: ಚಿತ್ರಗಳನ್ನು ವಿಂಗಡಿಸಬೇಡಿ, ಅಳಿಸಬೇಡಿ. ಹಳೆಯ ಫೋಲ್ಡರುಗಳನ್ನು ಇದ್ದ ರಚನೆಯಲ್ಲೇ, ಇದ್ದ ಹೆಸರಿನಲ್ಲೇ ನಕಲು ಮಾಡಿರಿ. ಬಳಿಕ ಎರಡೂ ಕಡೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಒಂದು ಹಾಳೆಯಲ್ಲಿ ಬರೆದು ತಾಳೆ ನೋಡಿರಿ. ತಾಳೆಯಾದ ಮೇಲೆ ಅಲ್ಲಲ್ಲಿ ಕೆಲವು ಚಿತ್ರಗಳನ್ನು ತೆರೆದು ಪರೀಕ್ಷಿಸಿರಿ. ವಿಂಗಡಣೆಯೆಲ್ಲ ಆಮೇಲಿನ ಮಾತು, ಅದೂ ನಕಲಿನ ಮೇಲೆ ಮಾತ್ರ.

ಚಿತ್ರದ ಜೊತೆಗಿರುವ ಮಾಹಿತಿ

ನಮ್ಮಲ್ಲಿ ಅನೇಕರು ಪಿಕಾಸಾ ತಂತ್ರಾಂಶದಲ್ಲಿ ಆಲ್ಬಂಗಳನ್ನು ಕಟ್ಟಿದ್ದೆವು. ಗೂಗಲ್ ಸಂಸ್ಥೆ 2004ರಲ್ಲಿ ಕೊಂಡ ಈ ತಂತ್ರಾಂಶವನ್ನು 2016ರಲ್ಲಿ ನಿಲ್ಲಿಸಿತು. ಅದರಲ್ಲಿ ಚಿತ್ರವನ್ನು ತಿದ್ದಿ "ಸೇವ್" ಒತ್ತದಿದ್ದರೆ ಮೂಲ ಕಡತ ಬದಲಾಗುತ್ತಿರಲಿಲ್ಲ. ತಿದ್ದುಪಡಿಯ ವಿವರ ಅದೇ ಫೋಲ್ಡರಿನ ಒಂದು ಸಣ್ಣ ಕಡತದಲ್ಲಿ ಕುಳಿತಿರುತ್ತಿತ್ತು. ಸೇವ್ ಮಾಡಿದ್ದರೆ ಮೂಲಚಿತ್ರ ಮರೆಯಲ್ಲಿರುವ ಇನ್ನೊಂದು ಫೋಲ್ಡರಿಗೆ ಹೋಗುತ್ತಿತ್ತು. ಹಾಗಾಗಿ ಅಡಗಿದ ಕಡತಗಳೂ ಕಾಣುವಂತೆ ಮಾಡಿಕೊಂಡು ಇಡೀ ಫೋಲ್ಡರನ್ನೇ ಸಾಗಿಸಿರಿ. ಹಳೆಯ ಯಂತ್ರ ಇನ್ನೂ ನಡೆಯುತ್ತಿದ್ದರೆ, ತಿದ್ದಿದ ಚಿತ್ರಗಳನ್ನು ಪಿಕಾಸಾದಿಂದಲೇ ಎಕ್ಸ್‌ಪೋರ್ಟ್ ಮಾಡಿಕೊಳ್ಳುವುದು ಲೇಸು.

ಆಪಲ್ ಯಂತ್ರಗಳ ಐಫೋಟೋಗೂ ಇದೇ ಗತಿ. 2015ರಲ್ಲಿ ಅದರ ಸ್ಥಾನಕ್ಕೆ ಫೋಟೋಸ್ ಬಂದಿತು. 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಐಫೋಟೋ ನಡೆಯುವುದಿಲ್ಲ. ಐಫೋಟೋ ಲೈಬ್ರರಿ ಒಂದೇ ಕಡತದಂತೆ ಕಂಡರೂ ಒಳಗೆ ಅನೇಕ ಫೋಲ್ಡರುಗಳಿವೆ. ಅದನ್ನು ಇಡಿಯಾಗಿ ನಕಲು ಮಾಡಿ, ನಕಲನ್ನು ಮಾತ್ರ ಫೋಟೋಸ್‌ನಲ್ಲಿ ತೆರೆಯಿರಿ.

ಚಿತ್ರ ತೆಗೆದ ದಿನಾಂಕ ಕಡತದೊಳಗೇ ದಾಖಲಾಗಿರುತ್ತದೆ. ಆದರೆ ಅದು ಕ್ಯಾಮೆರಾದ ಗಡಿಯಾರ ಹೇಳಿದ ದಿನಾಂಕ. ಬ್ಯಾಟರಿ ಪೂರ್ತಿ ಮುಗಿದಾಗ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ನಾನು ಹುಡುಕುತ್ತಿದ್ದ ಚಿತ್ರದ ಮೇಲೆ 2003ರ ಜನವರಿ 1 ಎಂದಿತ್ತು! ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಈ ದಿನಾಂಕವೂ ಅಳಿಸುತ್ತದೆ, ಚಿತ್ರವೂ ಕುಗ್ಗುತ್ತದೆ. ಮಕ್ಕಳಿಗೆ ಮೂಲಚಿತ್ರ ಕಳುಹಿಸುವಾಗ "ಡಾಕ್ಯುಮೆಂಟ್" ಎಂದು ಕಳುಹಿಸಿರಿ.

ಎಲ್ಲಿ ಇಡುವುದು?

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಸೂತ್ರ ಸರಳವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯ ಹೊರಗೆ. 2020ರ ಅಕ್ಟೋಬರಿನ ಮಳೆಗೆ ನಮ್ಮ ನಗರದ ಎಷ್ಟು ಬಡಾವಣೆಗಳಲ್ಲಿ ನೀರು ಮನೆಯೊಳಗೆ ನುಗ್ಗಿತೆಂಬುದನ್ನು ನೆನೆದರೆ ಮೂರನೆಯ ಮಾತಿನ ಅರ್ಥ ತಿಳಿಯುತ್ತದೆ. ಹೊರಗಿನ ಪ್ರತಿ ಬೇರೆ ಊರಿನ ಬಂಧುಗಳಲ್ಲಿರಬಹುದು, ಬ್ಯಾಂಕಿನ ಲಾಕರಿನಲ್ಲಿರಬಹುದು, ಅಂತರಜಾಲದ ಸಂಗ್ರಹದಲ್ಲಿರಬಹುದು.

ಅಂತರಜಾಲವೊಂದನ್ನೇ ನೆಚ್ಚುವುದು ಜಾಣತನವಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸೇವೆ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ ತಂದಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಚಿತ್ರಗಳಿದ್ದರೆ ಇದನ್ನು ಮರೆಯಬೇಡಿ.

ಫೋಲ್ಡರುಗಳಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ನಂತರ ಸಂದರ್ಭ ಎಂಬ ಕ್ರಮವಿರಲಿ. 2006-11-01 ರಾಜ್ಯೋತ್ಸವ ಎಂದು ಬರೆದರೆ ಕಾಲಾನುಕ್ರಮ ತಾನಾಗಿ ಒದಗುತ್ತದೆ.

ಯಂತ್ರಕ್ಕೆ ತಿಳಿಯದ ಸಂಗತಿ

ಚಿತ್ರ ಸಿಕ್ಕಿತು. ನಿಜವಾದ ದಿನಾಂಕವನ್ನು ಹೇಳಿದವರು ಎಂಬತ್ತು ದಾಟಿದ ನಮ್ಮ ಅವ್ವ. "ಅವತ್ತು ವಿಜಯದಶಮಿ. ಬಾಗಿಲ ಹತ್ತಿರ ನಿಂತಾಕಿ ಕಲಬುರಗಿಯ ನಿಮ್ಮ ಸೋದರತ್ತೆ, ಮರುವರ್ಷವೇ ಹೋದಳು" ಎಂದರು. ಆ ಮುಖ ಯಾರದೆಂದು ಮನೆಯಲ್ಲಿ ಬೇರಾರಿಗೂ ತಿಳಿದಿರಲಿಲ್ಲ. ಡಿಸ್ಕಿನಿಂದ ಚಿತ್ರವನ್ನು ತೆಗೆಯಬಹುದು, ಹೆಸರನ್ನು ತೆಗೆಯಲಾಗದು.

ಈಗ ಭಾನುವಾರ ಮಧ್ಯಾಹ್ನ ಅವ್ವನ ಪಕ್ಕದಲ್ಲಿ ಕುಳಿತು, ಒಂದೊಂದೇ ಚಿತ್ರ ತೋರಿಸಿ, ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಪ್ರತಿ ಫೋಲ್ಡರಿನಲ್ಲೂ ಆ ಹಾಳೆಯ ಒಂದು ಪ್ರತಿ ಇದೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೆಯ ಯಂತ್ರವಿದ್ದರೆ ಈ ವಾರವೇ ಇಳಿಸಿರಿ. ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.